ಟೋಕಿಯೋ ನಗರವನ್ನು ನೋಡುವ ಬಗೆ

ದೇಶ ಸುತ್ತಬೇಕು, ಕೋಶ ಓದಬೇಕು ಎಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಆದರೆ ಸುತ್ತುವುದು ಹೇಗೆ ಎಂಬುದನ್ನು ಈ ಗಾದೆ ಹೇಳುವುದಿಲ್ಲ. ಕೋಶವನ್ನು ಓದುವವನು ಮೊದಲು ಅಕ್ಷರಗಳನ್ನು ಕಲಿಯಬೇಕಾಗುತ್ತದೆ. ಅದರಂತೆ ಒಂದು ಊರನ್ನು ಓದುವುದಕ್ಕೂ ಅದರದೇ ಆದ ಅಕ್ಷರಾಭ್ಯಾಸ ಉಂಟು. ಅದಿಲ್ಲದೆ ಎಷ್ಟು ಸುತ್ತಿದರೂ ಕಾಲು ನೋಯುವುದೇ ಹೊರತು ಕಣ್ಣು ತೆರೆಯುವುದಿಲ್ಲ. ಈ ಮಾತನ್ನು ನಾನು ಪುಸ್ತಕದಿಂದ ಕಲಿತವನಲ್ಲ. ಏಷ್ಯಾ ಖಂಡದ ಮಹಾನಗರಗಳಲ್ಲಿ ಒಂದಾದ ಟೋಕಿಯೋದ ಬೀದಿಗಳಲ್ಲಿ ದಾರಿ ತಪ್ಪಿ ಕಲಿತವನು.

ನನ್ನ ಮಗಳ ಸಂಸಾರ ಆ ನಗರದಲ್ಲಿ ನೆಲೆಸಿರುವುದರಿಂದ, ಶಾಲೆಯ ಕೆಲಸದಿಂದ ನಿವೃತ್ತನಾದ ಮೇಲೆ ನನಗೂ ನನ್ನ ಪತ್ನಿಗೂ ಐದಾರು ಬಾರಿ ಅಲ್ಲಿಗೆ ಹೋಗಿಬರುವ ಅವಕಾಶ ಒದಗಿತು. ಮೊದಲನೆಯ ಸಲ ಹೋದಾಗ ನಾನು ಒಂದು ಉದ್ದನೆಯ ಪಟ್ಟಿಯನ್ನು ಹಿಡಿದುಕೊಂಡು ದಿನಕ್ಕೆ ಆರೇಳು ಸ್ಥಳಗಳಂತೆ ಓಡಾಡಿದೆ. ಊರಿಗೆ ಹಿಂತಿರುಗಿದ ಮೇಲೆ ಸ್ನೇಹಿತರು 'ಏನು ನೋಡಿದಿರಿ?' ಎಂದು ಕೇಳಿದರೆ ಎತ್ತರದ ಕಟ್ಟಡ, ಹೊಳೆಯುವ ದೀಪ, ಓಡುವ ರೈಲು ಎಂಬ ಮೂರು ಮಾತುಗಳ ಹೊರತು ಬೇರೇನೂ ಬಾಯಿಗೆ ಬರಲಿಲ್ಲ. ಆ ಮೂರನ್ನು ಚಿತ್ರದಲ್ಲಿಯೂ ನೋಡಬಹುದಾಗಿತ್ತು. ಮುಂದಿನ ಸಲ ಪಟ್ಟಿಯನ್ನು ಮನೆಯಲ್ಲಿಯೇ ಬಿಟ್ಟು ಹೋದೆ. ಅಂದಿನಿಂದ ಆ ನಗರ ಸ್ವಲ್ಪ ಸ್ವಲ್ಪವಾಗಿ ನನಗೆ ತಿಳಿಯತೊಡಗಿತು. ಹಾಗೆ ತಿಳಿದುಕೊಂಡ ಕೆಲವು ಸಂಗತಿಗಳನ್ನು ಇಲ್ಲಿ ಹೇಳುತ್ತೇನೆ.

ಹೋಗುವ ಮೊದಲು ಊರಿನ ಹೆಸರನ್ನು ತಿಳಿದುಕೊಳ್ಳಬೇಕು. ಟೋಕಿಯೋ ಎಂದರೆ 'ಮೂಡಣದ ರಾಜಧಾನಿ' ಎಂದರ್ಥ. ಈ ಹೆಸರು ಬಂದದ್ದು ೧೮೬೮ರಲ್ಲಿ. ಅದಕ್ಕೆ ಮೊದಲು ಅದರ ಹೆಸರು ಎದೊ. ಸಮುದ್ರದ ಕೊಲ್ಲಿಯ ಬದಿಯಲ್ಲಿ ಜೌಗು ನೆಲದ ಮೇಲಿದ್ದ ಆ ಸಣ್ಣ ಊರಿಗೆ ೧೫೯೦ರಲ್ಲಿ ತೊಕುಗಾವಾ ಇಯೆಯಾಸು ಎಂಬ ದಳಪತಿ ಬಂದು ನೆಲೆಸಿದನು. ೧೬೦೩ರಲ್ಲಿ ಅವನು ಇಡೀ ಜಪಾನಿನ ಆಡಳಿತವನ್ನು ಕೈಗೆ ತೆಗೆದುಕೊಂಡು ಶೋಗನ್ ಎಂಬ ಪದವಿಯನ್ನು ಪಡೆದನು. ಕ್ಯೋಟೋದಲ್ಲಿದ್ದ ಚಕ್ರವರ್ತಿ ಹೆಸರಿಗೆ ದೊರೆ. ಎದೊ ನಗರದ ಶೋಗನ್ ನಿಜವಾದ ಆಳುವವನು. ಈ ವ್ಯವಸ್ಥೆ ಎರಡೂವರೆ ಶತಮಾನಗಳಿಗೂ ಮೀರಿ ನಡೆಯಿತು. ಇಂದು ಟೋಕಿಯೋ ಆಡಳಿತ ಪ್ರದೇಶದಲ್ಲಿಯೇ ಸುಮಾರು ಒಂದು ಕೋಟಿ ನಲವತ್ತು ಲಕ್ಷ ಜನರಿದ್ದಾರೆ. ಸುತ್ತಲಿನ ಊರುಗಳನ್ನೂ ಸೇರಿಸಿದರೆ ಜನಸಂಖ್ಯೆ ಮೂರೂವರೆ ಕೋಟಿಯನ್ನು ಮೀರುತ್ತದೆ. ಇಂಥ ಜನಸಾಗರದಲ್ಲಿ ಹೊಸಬನಾದವನು ದಿಕ್ಕುಗಾಣದೆ ನಿಲ್ಲುವುದು ಸಹಜ.

ಆದುದರಿಂದ ಮೊದಲು ಮಾಡಬೇಕಾದ ಕೆಲಸವೆಂದರೆ, ಈ ಅಪಾರ ವಿಸ್ತಾರಕ್ಕೆ ಮನಸ್ಸಿನಲ್ಲಿ ಒಂದು ಆಕಾರವನ್ನು ಕೊಟ್ಟುಕೊಳ್ಳುವುದು. ಟೋಕಿಯೋದಲ್ಲಿ ಇದಕ್ಕೆ ನೆರವಾಗುವುದು ಯಾಮಾನೋತೆ ಎಂಬ ರೈಲು ಮಾರ್ಗ. ನಗರದ ನಡುಭಾಗವನ್ನು ಬಳಸಿಕೊಂಡು ಬಳೆಯಂತೆ ಸುತ್ತುವ ಈ ಮಾರ್ಗದ ಉದ್ದ ಸುಮಾರು ೩೪ ಕಿಲೋಮೀಟರು. ಅದರ ಮೇಲಿನ ನಿಲ್ದಾಣಗಳು ೩೦. ಒಂದು ಸುತ್ತಿಗೆ ಸುಮಾರು ಒಂದು ಗಂಟೆ ಹಿಡಿಯುತ್ತದೆ. ಮೊದಲನೆಯ ದಿನ ಬೇರೆ ಯಾವ ಕೆಲಸವನ್ನೂ ಇಟ್ಟುಕೊಳ್ಳದೆ ಜನಸಂದಣಿ ಕಡಿಮೆಯಾದ ಹೊತ್ತಿನಲ್ಲಿ ಈ ಬಳೆಯನ್ನು ಒಮ್ಮೆ ಸುತ್ತಿ ಬರಬೇಕು. ಎಲ್ಲಿ ಕಚೇರಿಗಳಿವೆ, ಎಲ್ಲಿ ಅಂಗಡಿಬೀದಿಗಳಿವೆ, ಎಲ್ಲಿ ಮನೆಗಳ ಮುಂದೆ ಬಟ್ಟೆ ಒಣಹಾಕಿದ್ದಾರೆ, ಎಲ್ಲಿ ಮರಗಳ ಗುಂಪು ಕಾಣುತ್ತದೆ ಎಂಬುದು ಕಿಟಕಿಯಿಂದಲೇ ತಿಳಿಯುತ್ತದೆ. ಗಡಿಯಾರದ ಮುಖವನ್ನು ಗುರುತಿಸಿಕೊಂಡಂತೆ ಆ ಬಳೆಯ ನಾಲ್ಕಾರು ನಿಲ್ದಾಣಗಳನ್ನು ಗುರುತಿಟ್ಟುಕೊಂಡರೆ ಉಳಿದುದೆಲ್ಲವನ್ನೂ ಅವುಗಳಿಗೆ ಹೊಂದಿಸಿಕೊಳ್ಳಬಹುದು.

ಈ ಮಾತನ್ನು ಹೇಳುವಾಗ ನನ್ನ ಅವಿವೇಕದ ಒಂದು ಪ್ರಸಂಗವನ್ನೂ ಹೇಳಬೇಕಾಗಿದೆ. ಎರಡನೆಯ ಸಲ ಹೋದಾಗ ಒಂದು ಸಂಜೆ ಉಯೆನೋ ನಿಲ್ದಾಣದಲ್ಲಿ ನಾವಿಬ್ಬರೂ ಯಾಮಾನೋತೆ ರೈಲಿಗೆ ಕಾದಿದ್ದೆವು. ರೈಲು ಬಂದಿತು. ನನ್ನ ಪತ್ನಿ ಮುಂದೆ ಹತ್ತಿದರು. ನಾನು ಗೋಡೆಯ ಮೇಲಿನ ನಕಾಶೆಯನ್ನು ಇನ್ನೊಮ್ಮೆ ನೋಡುತ್ತ ನಿಂತೆ. ಅಷ್ಟರಲ್ಲಿ ಬಾಗಿಲು ಮುಚ್ಚಿತು, ರೈಲು ಹೊರಟೇಹೋಯಿತು. ಇಬ್ಬರಿಗೂ ಸೇರಿ ಇದ್ದ ಒಂದೇ ದೂರವಾಣಿ ನನ್ನ ಜೇಬಿನಲ್ಲಿತ್ತು. ಮಗಳ ಮನೆಯ ವಿಳಾಸವನ್ನು ಬರೆದ ಕಾಗದವೂ ನನ್ನಲ್ಲಿಯೇ ಇತ್ತು. ಅವರಿಗೆ ಕನ್ನಡವಲ್ಲದೆ ಬೇರೆ ಭಾಷೆ ಬಾರದು. ನನ್ನ ಎದೆ ನಡುಗಿತು. ಮುಂದಿನ ರೈಲನ್ನು ಹಿಡಿದು ಮುಂದಿನ ನಿಲ್ದಾಣದಲ್ಲಿ ಇಳಿದು ಹುಡುಕಿದೆ, ಅವರು ಅಲ್ಲಿರಲಿಲ್ಲ. ಅದರ ಮುಂದಿನದರಲ್ಲಿಯೂ ಇರಲಿಲ್ಲ. ಮೂರನೆಯದರಲ್ಲಿ ಇಳಿದಾಗ, ಒಂದುವೇಳೆ ಅವರು ಉಯೆನೋ ನಿಲ್ದಾಣಕ್ಕೆ ಹಿಂತಿರುಗಿದ್ದರೆ ಎಂಬ ಯೋಚನೆ ಬಂದು ಮತ್ತೆ ಹಿಂದಕ್ಕೆ ಓಡಿದೆ. ಅಲ್ಲಿಯೂ ಕಾಣದೆ, ನಿಲ್ದಾಣದ ಸಿಬ್ಬಂದಿಯೊಬ್ಬರಿಗೆ ಕೈಸನ್ನೆಯಿಂದ ನನ್ನ ಕಷ್ಟವನ್ನು ತಿಳಿಸಿದೆ. ಅವರು ನನ್ನನ್ನು ಒಂದು ಕಡೆ ಕೂರಿಸಿ, ತಾವೂ ಪಕ್ಕದಲ್ಲಿ ನಿಂತು ಬರುವ ಪ್ರತಿಯೊಂದು ರೈಲಿನ ಬಾಗಿಲುಗಳನ್ನೂ ನೋಡತೊಡಗಿದರು.

ರೈಲು ಹೊರಟು ಒಂದು ಗಂಟೆ ಕಳೆದ ಮೇಲೆ, ಅದೇ ಕಟ್ಟೆಗೆ ಬಂದು ನಿಂತ ರೈಲಿನಿಂದ ನನ್ನ ಪತ್ನಿ ಸಮಾಧಾನವಾಗಿ ಇಳಿದು ಬಂದರು. 'ಇದು ಸುತ್ತುವ ರೈಲು, ಹೊರಟಲ್ಲಿಗೇ ಬರುತ್ತದೆ ಎಂದು ಮಗಳು ಹೇಳಿದ್ದಳಲ್ಲ. ಕೂತಿದ್ದೆ, ಬಂತು. ನೀವು ಇಲ್ಲೇ ನಿಂತಿರಬೇಕೋ ಬೇಡವೋ?' ಎಂದರು. ಮೂವತ್ತು ವರ್ಷಗಳಿಗೂ ಮೀರಿ ಮಕ್ಕಳಿಗೆ ಪಾಠ ಹೇಳಿದ ನನಗೆ ಉತ್ತರ ತೋಚಲಿಲ್ಲ. ಸಿಬ್ಬಂದಿಯ ಆ ಮಹನೀಯರು ನಮ್ಮಿಬ್ಬರಿಗೂ ತಲೆಬಾಗಿ ವಂದಿಸಿ ತಮ್ಮ ಕೆಲಸಕ್ಕೆ ಹೊರಟುಹೋದರು.

ಈ ಘಟನೆಯಿಂದ ನಾನು ಮೂರು ನಿಯಮಗಳನ್ನು ಮಾಡಿಕೊಂಡೆ. ಜೊತೆಯಲ್ಲಿ ಹೋಗುವವರು ಅಗಲಿದರೆ ಎಲ್ಲಿ ಸೇರಬೇಕೆಂಬುದನ್ನು ಮನೆಯಿಂದ ಹೊರಡುವ ಮೊದಲೇ ಗೊತ್ತುಮಾಡಿಕೊಳ್ಳಬೇಕು. ತಂಗಿರುವ ಮನೆಯ ವಿಳಾಸವನ್ನೂ ದೂರವಾಣಿ ಸಂಖ್ಯೆಯನ್ನೂ ಆ ದೇಶದ ಲಿಪಿಯಲ್ಲಿಯೇ ಬರೆಯಿಸಿ ಪ್ರತಿಯೊಬ್ಬರೂ ತಮ್ಮ ಬಳಿ ಇಟ್ಟುಕೊಳ್ಳಬೇಕು. ಗಾಬರಿಯಾದಾಗ ಓಡಬಾರದು; ನಿಲ್ಲಬೇಕು. ಈ ಮೂರು ಟೋಕಿಯೋಗೆ ಮಾತ್ರವಲ್ಲ, ನಮ್ಮ ಜಾತ್ರೆಗಳಿಗೂ ಸಲ್ಲುವ ನಿಯಮಗಳು.

ರೈಲು ನಿಲ್ದಾಣಗಳ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಜಗತ್ತಿನಲ್ಲಿಯೇ ಅತ್ಯಂತ ಹೆಚ್ಚು ಜನ ಬಳಸುವ ನಿಲ್ದಾಣವೆಂದು ಹೆಸರಾದ ಶಿಂಜುಕುವಿಗೆ ಇನ್ನೂರಕ್ಕೂ ಹೆಚ್ಚು ಬಾಗಿಲುಗಳಿವೆ. ಒಂದು ಬಾಗಿಲಿನಲ್ಲಿ ಹೊರಬಿದ್ದರೆ ಕಚೇರಿಗಳ ಗಗನಚುಂಬಿ ಕಟ್ಟಡಗಳು. ಇನ್ನೊಂದರಲ್ಲಿ ಹೊರಬಿದ್ದರೆ ಅಂಗಡಿಬೀದಿ. ಆದುದರಿಂದ ಯಾವ ನಿಲ್ದಾಣವೆಂದು ತಿಳಿದರೆ ಸಾಲದು. ಯಾವ ಬಾಗಿಲೆಂಬುದನ್ನೂ ಕೇಳಿ ತಿಳಿದಿರಬೇಕು. ನೆಲದಡಿಯ ರೈಲಿನ ಮಾರ್ಗಗಳೇ ಹದಿಮೂರಿವೆ. ಅವುಗಳಲ್ಲಿ ಮೊದಲನೆಯದು ಉಯೆನೋ ಮತ್ತು ಅಸಾಕುಸಾಗಳ ನಡುವೆ ೧೯೨೭ರಲ್ಲಿ ಆರಂಭವಾಯಿತು. ಏಷ್ಯಾದಲ್ಲಿ ಅಂಥ ರೈಲು ಅದೇ ಮೊದಲನೆಯದು. ಪ್ರತಿಯೊಂದು ಮಾರ್ಗಕ್ಕೂ ಒಂದು ಬಣ್ಣ, ಪ್ರತಿಯೊಂದು ನಿಲ್ದಾಣಕ್ಕೂ ಒಂದು ಸಂಖ್ಯೆ ಇರುವುದರಿಂದ ಲಿಪಿ ಬಾರದವನೂ ದಾರಿ ಕಂಡುಕೊಳ್ಳಬಹುದು. ಆದರೆ ನಡುರಾತ್ರಿ ಕಳೆದ ಸ್ವಲ್ಪ ಹೊತ್ತಿಗೆ ರೈಲುಗಳೆಲ್ಲ ನಿಂತುಹೋಗುತ್ತವೆ. ಇದನ್ನು ಮರೆತವನು ಬೆಳಗಾಗುವ ತನಕ ಕಾಯಬೇಕಾಗುತ್ತದೆ.

ಮನೆಯನ್ನು ಹುಡುಕುವುದು ಇನ್ನೊಂದು ಪರೀಕ್ಷೆ. ನಮ್ಮಲ್ಲಿ ವಿಳಾಸವೆಂದರೆ ರಸ್ತೆಯ ಹೆಸರು, ಮನೆಯ ಸಂಖ್ಯೆ. ಟೋಕಿಯೋದಲ್ಲಿ ಬಹುತೇಕ ಬೀದಿಗಳಿಗೆ ಹೆಸರೇ ಇಲ್ಲ. ಮೊದಲು ಬಡಾವಣೆ, ಅದರೊಳಗೆ ಚೋಮೆ ಎಂಬ ವಿಭಾಗ, ಅದರೊಳಗೆ ಕಟ್ಟಡಗಳ ಒಂದು ಗುಂಪು, ಆ ಗುಂಪಿನೊಳಗೆ ಮನೆಯ ಸಂಖ್ಯೆ. ನಾವು ಗೆರೆಯ ಮೇಲೆ ಮನೆಯನ್ನು ಗುರುತಿಸಿದರೆ ಅವರು ಚೌಕದೊಳಗೆ ಗುರುತಿಸುತ್ತಾರೆ. ಇದು ತಪ್ಪೂ ಅಲ್ಲ, ವಿಚಿತ್ರವೂ ಅಲ್ಲ. ನೋಡುವ ಕ್ರಮ ಬೇರೆ ಅಷ್ಟೆ. ಹುಡುಕಿ ಸೋತವರಿಗೆ ಕೋಬನ್ ಎಂಬ ಪುಟ್ಟ ಪೊಲೀಸ್ ಚೌಕಿಗಳು ನಗರದ ಎಲ್ಲೆಡೆಯೂ ಇವೆ. ಅಲ್ಲಿನ ಗೋಡೆಯ ಮೇಲೆ ಆ ನೆರೆಹೊರೆಯ ನಕಾಶೆ ಇರುತ್ತದೆ. ದಾರಿ ತೋರಿಸುವುದು, ಕಳೆದುಹೋದ ವಸ್ತುವಿನ ದೂರನ್ನು ಬರೆದುಕೊಳ್ಳುವುದು ಅಲ್ಲಿನ ಪೊಲೀಸರ ನಿತ್ಯದ ಕೆಲಸ. ದಾರಿಯಲ್ಲಿ ಸಿಕ್ಕಿದ ಪರರ ವಸ್ತುವನ್ನು ಅಲ್ಲಿಗೆ ಒಪ್ಪಿಸುವುದನ್ನು ಮಕ್ಕಳು ಎಳೆವಯಸ್ಸಿನಲ್ಲಿಯೇ ಕಲಿಯುತ್ತಾರೆ.

ಪರಸ್ಥಳದಲ್ಲಿ ನಡೆದುಕೊಳ್ಳಬೇಕಾದ ರೀತಿಯೂ ಅರಿವಿನ ಒಂದು ಭಾಗ. ರೈಲಿನಲ್ಲಿ ಗಟ್ಟಿಯಾಗಿ ಮಾತನಾಡಬಾರದು, ದೂರವಾಣಿಯಲ್ಲಿಯಂತೂ ಮಾತನಾಡಲೇಬಾರದು. ಇಳಿಯುವವರು ಇಳಿದ ಮೇಲೆ ಸಾಲಿನಲ್ಲಿ ಹತ್ತಬೇಕು. ಚಲಿಸುವ ಮೆಟ್ಟಿಲಿನ ಮೇಲೆ ಎಡಗಡೆ ನಿಲ್ಲಬೇಕು. ಬೀದಿಗಳಲ್ಲಿ ಕಸದ ತೊಟ್ಟಿ ಬಹಳ ಅಪರೂಪ. ಆದರೂ ಕಸ ಕಾಣುವುದಿಲ್ಲ. ತಮ್ಮ ಕಸವನ್ನು ತಾವೇ ಚೀಲದಲ್ಲಿಟ್ಟುಕೊಂಡು ಮನೆಗೆ ಒಯ್ಯುವುದು ಅಲ್ಲಿಯ ರೂಢಿ. ಶಾಲೆಗಳಲ್ಲಿ ತರಗತಿಯ ಕೋಣೆಗಳನ್ನು ವಿದ್ಯಾರ್ಥಿಗಳೇ ಗುಡಿಸಿ ಒರಸುತ್ತಾರೆಂಬುದನ್ನು ತಿಳಿದರೆ ಬೀದಿಯ ಶುಚಿತ್ವಕ್ಕೆ ಮೂಲವೆಲ್ಲಿ ಎಂಬುದು ಅರ್ಥವಾಗುತ್ತದೆ. ಉಪಾಹಾರಗೃಹಗಳಲ್ಲಿ ಮಾಣಿಗೆ ಭಕ್ಷೀಸು ಕೊಡುವ ಪದ್ಧತಿ ಇಲ್ಲ. ಕೊಟ್ಟರೆ, ಮರೆತು ಬಿಟ್ಟ ಹಣವೆಂದು ಬೀದಿಯ ತನಕ ಓಡಿಬಂದು ಹಿಂತಿರುಗಿಸುವುದೂ ಉಂಟು.

ಸಸ್ಯಾಹಾರಿಗಳು ಸ್ವಲ್ಪ ಹೆಚ್ಚು ಜಾಗರೂಕರಾಗಿರಬೇಕು. ತರಕಾರಿ ಮಾತ್ರ ಕಾಣುವ ಸಾರಿನಲ್ಲಿಯೂ ಮೀನಿನ ರಸ ಬೆರೆತಿರುವುದು ಸಾಮಾನ್ಯ. ಬೌದ್ಧ ಸನ್ಯಾಸಿಗಳ ಪದ್ಧತಿಯಂತೆ ಮೀನು ಮಾಂಸಗಳಿಲ್ಲದೆ ಮಾಡುವ ಅಡುಗೆಯೊಂದು ಅಲ್ಲಿ ಉಂಟು. ಆದರೆ ಅದು ಎಲ್ಲ ಕಡೆಯೂ ಸಿಗುವುದಿಲ್ಲ. ನಗರದ ಪೂರ್ವಭಾಗದ ನಿಶಿಕಸಾಯ್ ಎಂಬಲ್ಲಿ ಭಾರತೀಯ ಕುಟುಂಬಗಳು ಬಹಳವಾಗಿ ನೆಲೆಸಿರುವುದರಿಂದ ನಮ್ಮ ಕಡೆಯ ಬೇಳೆಕಾಳುಗಳೂ ಊಟವೂ ದೊರೆಯುತ್ತವೆ. ಆದರೂ ಅಲ್ಲಿಯವರ ಅನ್ನವನ್ನೂ ಸೋಯಾ ಅವರೆಯಿಂದ ಮಾಡಿದ ಗಟ್ಟಿಯನ್ನೂ ಬಿಸಿಯಾದ ಹಸುರು ಚಹವನ್ನೂ ರುಚಿ ನೋಡದೆ ಬರುವುದು ಸರಿಯಲ್ಲ.

ಇನ್ನು ನೋಡಬೇಕಾದ ಸ್ಥಳಗಳ ಮಾತು. ನನ್ನ ಅನುಭವದಲ್ಲಿ ದಿನಕ್ಕೆ ಒಂದೇ ಬಡಾವಣೆಯನ್ನು ಆರಿಸಿಕೊಳ್ಳುವುದು ಮೇಲು. ಒಂದು ಬಡಾವಣೆಯನ್ನು ಬೆಳಗಿನಿಂದ ಸಂಜೆಯವರೆಗೆ ನಡೆದು ನೋಡಿದರೆ ಅದು ತನ್ನ ಕಥೆಯನ್ನು ತಾನೇ ಹೇಳತೊಡಗುತ್ತದೆ. ಅಂಥ ಕಥೆಗಳಲ್ಲಿ ಮೂರನ್ನು ಮಾತ್ರ ಇಲ್ಲಿ ಹೇಳುತ್ತೇನೆ.

ಮೊದಲನೆಯದು ಚಕ್ರವರ್ತಿಯ ಅರಮನೆಯ ಮೂಡಣ ತೋಟದಲ್ಲಿದೆ. ಶೋಗನ್ನರ ಕೋಟೆ ಇದ್ದ ಜಾಗವೇ ಈಗ ಅರಮನೆಯ ಆವರಣವಾಗಿದೆ. ತೋಟದ ಒಳಗೆ ದೊಡ್ಡ ದೊಡ್ಡ ಕಲ್ಲುಗಳನ್ನು ಜೋಡಿಸಿ ಕಟ್ಟಿದ ವಿಶಾಲವಾದ ಜಗುಲಿಯೊಂದು ಕಾಣುತ್ತದೆ. ಅದರ ಮೇಲೆ ಏನೂ ಇಲ್ಲ. ಹೊಸಬರು 'ಇಲ್ಲಿ ನೋಡುವುದೇನಿದೆ?' ಎಂದು ಮುಂದೆ ಹೋಗುತ್ತಾರೆ. ಅಲ್ಲಿ ಕೋಟೆಯ ಮುಖ್ಯ ಗೋಪುರವಿತ್ತು. ೧೬೫೭ರಲ್ಲಿ ಎದೊ ನಗರಕ್ಕೆ ಬೆಂಕಿ ಬಿದ್ದು ಊರಿನ ಬಹುಭಾಗ ಸುಟ್ಟುಹೋಯಿತು. ಸತ್ತವರ ಸಂಖ್ಯೆ ಒಂದು ಲಕ್ಷದಷ್ಟಿರಬಹುದೆಂದು ಅಂದಾಜು. ಗೋಪುರವೂ ಉರಿದುಹೋಯಿತು. ಅದನ್ನು ಮತ್ತೆ ಕಟ್ಟಲು ಕಲ್ಲಿನ ಜಗುಲಿ ಸಿದ್ಧವಾಯಿತು. ಆಗ ತರುಣ ಶೋಗನ್ನನ ಹಿರಿಯ ಸಲಹೆಗಾರನಾಗಿದ್ದ ಹೊಶಿನಾ ಮಾಸಾಯುಕಿ ಎಂಬವನು, ಶಾಂತಿಯ ಕಾಲದಲ್ಲಿ ಗೋಪುರದ ಅಗತ್ಯವಿಲ್ಲವೆಂದೂ ಆ ಹಣವನ್ನು ಊರನ್ನು ಮರಳಿ ಕಟ್ಟುವುದಕ್ಕೆ ಬಳಸುವುದು ಉಚಿತವೆಂದೂ ಹೇಳಿದನು. ಅವನ ಮಾತು ನಡೆಯಿತು. ಅಂದಿನಿಂದ ಇಂದಿನವರೆಗೆ ಆ ಜಗುಲಿ ಬರಿದಾಗಿಯೇ ಇದೆ. ಕಟ್ಟದೆ ಬಿಟ್ಟ ಒಂದು ಗೋಪುರ ಆಳುವವರ ವಿವೇಕಕ್ಕೆ ಸ್ಮಾರಕವಾಗಿ ಉಳಿದಿದೆ.

ಎರಡನೆಯದು ಅಸಾಕುಸಾ ಬಡಾವಣೆ. ಸುಮಿದಾ ನದಿಯ ಬಳಿಯ ಈ ಹಳೆಯ ಪೇಟೆಯಲ್ಲಿ ಸೆನ್ಸೋಜಿ ಎಂಬ ದೇವಾಲಯವಿದೆ. ೬೨೮ರಲ್ಲಿ ಬೆಸ್ತರಾದ ಅಣ್ಣತಮ್ಮಂದಿರಿಬ್ಬರ ಬಲೆಗೆ ನದಿಯಲ್ಲಿ ಕನ್ನೋನ್ ವಿಗ್ರಹವೊಂದು ಸಿಕ್ಕಿತೆಂದು ಸ್ಥಳಪುರಾಣ ಹೇಳುತ್ತದೆ. ಕನ್ನೋನ್ ಬೇರೆ ಯಾರೂ ಅಲ್ಲ. ನಮ್ಮ ನಾಡಿನಿಂದ ಬೌದ್ಧಧರ್ಮದೊಂದಿಗೆ ಹೊರಟು ಚೀಣದ ಮೂಲಕ ಅಲ್ಲಿಗೆ ತಲುಪಿದ ಅವಲೋಕಿತೇಶ್ವರನೇ. ದೇವಾಲಯದ ಹೆಬ್ಬಾಗಿಲಿನಲ್ಲಿ ತೂಗುವ ದೊಡ್ಡ ಕೆಂಪು ದೀಪದ ಬುಟ್ಟಿಯನ್ನು ಎಲ್ಲರೂ ನೋಡುತ್ತಾರೆ. ಆದರೆ ಒಳಗಿನ ಆವರಣದಲ್ಲಿರುವ ಹಳೆಯ ಗಿಂಕ್ಗೊ ಮರವನ್ನು ನೋಡುವವರು ಕಡಿಮೆ. ಅದರ ಕಾಂಡದಲ್ಲಿ ಸುಟ್ಟ ಗಾಯವಿದೆ.

ಆ ಗಾಯ ಹೇಗಾಯಿತು ಎಂಬುದನ್ನು ತಿಳಿಯದವನು ಟೋಕಿಯೋವನ್ನು ನೋಡಿದಂತಾಗುವುದಿಲ್ಲ. ಈ ನಗರ ಒಂದೇ ತಲೆಮಾರಿನ ಅವಧಿಯಲ್ಲಿ ಎರಡು ಸಲ ನಾಶವಾಯಿತು. ೧೯೨೩ರ ಸೆಪ್ಟೆಂಬರ್ ೧ರಂದು ಮಧ್ಯಾಹ್ನ ೧೨ ಗಂಟೆಗೆ ಎರಡು ನಿಮಿಷ ಮೊದಲು ಭಯಂಕರವಾದ ಭೂಕಂಪವಾಯಿತು. ಮನೆಮನೆಗಳಲ್ಲಿ ಅಡುಗೆಯ ಒಲೆಗಳು ಉರಿಯುತ್ತಿದ್ದ ಹೊತ್ತು; ಮರದ ಮನೆಗಳು ಕುಸಿದು ಒಲೆಗಳ ಮೇಲೆ ಬಿದ್ದವು; ಗಾಳಿ ಬೆಂಕಿಯನ್ನು ಊರೆಲ್ಲ ಹರಡಿತು. ಟೋಕಿಯೋ, ಯೊಕೊಹಾಮಾ ಮತ್ತು ಸುತ್ತಲಿನ ಊರುಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಮಡಿದರು. ಇಪ್ಪತ್ತೆರಡು ವರ್ಷಗಳ ಮೇಲೆ, ಎರಡನೆಯ ಮಹಾಯುದ್ಧದ ಕೊನೆಯಲ್ಲಿ, ೧೯೪೫ರ ಮಾರ್ಚ್ ೯ರ ರಾತ್ರಿ ಅಮೆರಿಕದ ಸುಮಾರು ಮುನ್ನೂರು ವಿಮಾನಗಳು ಈ ಬಡಾವಣೆಗಳ ಮೇಲೆ ಬೆಂಕಿಯ ಬಾಂಬುಗಳನ್ನು ಸುರಿಸಿದವು. ಬೆಳಗಾಗುವಷ್ಟರಲ್ಲಿ ಸುಮಾರು ಒಂದು ಲಕ್ಷ ಜನ ಸತ್ತಿದ್ದರು. ಸೆನ್ಸೋಜಿ ದೇವಾಲಯವೂ ಸುಟ್ಟುಹೋಯಿತು. ಈಗಿರುವ ಮುಖ್ಯಮಂದಿರವನ್ನು ೧೯೫೮ರಲ್ಲಿ ಮರಳಿ ಕಟ್ಟಿ ಮುಗಿಸಿದರು. ಸುಟ್ಟ ಗಿಂಕ್ಗೊ ಮರ ಮಾತ್ರ ತಾನಾಗಿ ಚಿಗುರಿತು. ಇಂದು ಆ ಮರದ ಎಲೆಯ ಆಕಾರವನ್ನು ಹೋಲುವ ಗುರುತೇ ನಗರದ ಲಾಂಛನವಾಗಿದೆ.

ಭೂಕಂಪವನ್ನು ಆ ನಗರ ಮರೆತಿಲ್ಲ. ಪ್ರತಿವರ್ಷ ಸೆಪ್ಟೆಂಬರ್ ೧ನ್ನು ೧೯೬೦ರಿಂದ ವಿಪತ್ತು ನಿವಾರಣೆಯ ದಿನವೆಂದು ಆಚರಿಸುತ್ತಾರೆ. ನೆಲ ನಡುಗಿದರೆ ಮೇಜಿನ ಕೆಳಗೆ ತಲೆಯನ್ನು ರಕ್ಷಿಸಿಕೊಳ್ಳುವುದನ್ನು, ಸಾಲಾಗಿ ಬಯಲಿಗೆ ಬರುವುದನ್ನು ಶಾಲೆಯ ಮಕ್ಕಳು ಅಭ್ಯಾಸಮಾಡುತ್ತಾರೆ. ನನ್ನ ಮೊಮ್ಮಗಳು ನಾನು ಹೋದ ದಿನವೇ ಮನೆಯಲ್ಲಿ ನೀರು, ದೀಪ, ತಿನಿಸುಗಳನ್ನು ತುಂಬಿಟ್ಟಿದ್ದ ಚೀಲ ಎಲ್ಲಿದೆ ಎಂಬುದನ್ನು ನನಗೆ ತೋರಿಸಿದಳು. ಹೆದರಿಕೆಯನ್ನು ಸಿದ್ಧತೆಯನ್ನಾಗಿ ಮಾರ್ಪಡಿಸಿಕೊಂಡವರ ನಡತೆ ಅದು. ಹೊಸ ಊರಿಗೆ ಹೋದವರು ಅಂಥ ಚೀಲ ಎಲ್ಲಿದೆ, ಹೊರಗೆ ಹೋಗುವ ದಾರಿ ಯಾವುದು ಎಂಬುದನ್ನು ಮೊದಲ ದಿನವೇ ತಿಳಿದುಕೊಳ್ಳಬೇಕು.

ಮೂರನೆಯದು ಉಯೆನೋ. ಇಲ್ಲಿ ವಿಶಾಲವಾದ ಉದ್ಯಾನವೂ ವಸ್ತುಸಂಗ್ರಹಾಲಯಗಳೂ ಇವೆ. ಉದ್ಯಾನದ ಕೆಳಗೆ ತಾವರೆ ಬೆಳೆದ ದೊಡ್ಡ ಕೊಳ. ಅದರ ನಡುವಿನ ದ್ವೀಪದಲ್ಲಿ ಒಂದು ಗುಡಿ. ಅಲ್ಲಿಯ ದೇವತೆ ಬೆಂಜೈತೆನ್. ಆಕೆ ವಿದ್ಯೆಗೂ ಸಂಗೀತಕ್ಕೂ ಅಧಿದೇವತೆ. ಕೈಯಲ್ಲಿ ತಂತಿವಾದ್ಯವನ್ನು ಹಿಡಿದಿರುತ್ತಾಳೆ. ಇಷ್ಟು ಹೇಳಿದರೆ ನಮ್ಮ ಮಕ್ಕಳಿಗೆ ಗುರುತು ಸಿಕ್ಕಿರಬೇಕು. ಆಕೆ ನಮ್ಮ ಸರಸ್ವತಿಯೇ. ವೀಣೆಯ ಬದಲಿಗೆ ಬಿವಾ ಎಂಬ ಆ ನಾಡಿನ ವಾದ್ಯವನ್ನು ಹಿಡಿದು, ಆ ನಾಡಿನ ಉಡುಗೆಯನ್ನು ಉಟ್ಟು ಕುಳಿತಿದ್ದಾಳೆ.

ಆದರೆ ನಾನು ಪ್ರತಿಸಲವೂ ಉಯೆನೋಗೆ ಹೋಗುವುದಕ್ಕೆ ಕಾರಣ ಬೇರೊಂದಿದೆ. ಅಲ್ಲಿ ೧೮೮೨ರಲ್ಲಿ ಸ್ಥಾಪನೆಯಾದ, ಜಪಾನಿನ ಮೊಟ್ಟಮೊದಲ ಮೃಗಾಲಯವಿದೆ. ೧೯೪೩ರಲ್ಲಿ, ಬಾಂಬು ಬಿದ್ದು ಪಂಜರಗಳು ಮುರಿದರೆ ಮೃಗಗಳು ಊರಿಗೆ ನುಗ್ಗಬಹುದೆಂದು ಹೇಳಿ ಅಧಿಕಾರಿಗಳು ಅಪಾಯಕರವಾದ ಪ್ರಾಣಿಗಳನ್ನು ಕೊಲ್ಲಲು ಆಜ್ಞೆ ಮಾಡಿದರು. ಸಿಂಹ, ಹುಲಿ, ಕರಡಿಗಳು ಸತ್ತವು. ಮೂರು ಆನೆಗಳಿದ್ದವು. ಅವುಗಳಿಗೆ ಆಹಾರವನ್ನು ನಿಲ್ಲಿಸಲಾಯಿತು. ಹಸಿದ ಆನೆಗಳು ತಮಗೆ ಕಲಿಸಿದ ಆಟಗಳನ್ನು ತಾವಾಗಿಯೇ ಆಡಿ ತೋರಿಸಿ, ಸಾಕಿದವರಿಂದ ತಿನಿಸನ್ನು ಬೇಡುತ್ತಿದ್ದವೆಂದು ಹೇಳುತ್ತಾರೆ. ಒಂದೊಂದಾಗಿ ಮೂರೂ ಸತ್ತವು. ಯುದ್ಧವೆಂಬುದು ಮನುಷ್ಯರನ್ನು ಮಾತ್ರ ಕೊಲ್ಲುವುದಿಲ್ಲ. ಪ್ರೀತಿಯಿಂದ ಸಾಕಿದ ಕೈಗಳಿಂದಲೇ ಸಾಕಿದ ಜೀವವನ್ನು ಕೊಲ್ಲಿಸುತ್ತದೆ. ಆ ಪ್ರಾಣಿಗಳ ನೆನಪಿನ ಕಲ್ಲು ಮೃಗಾಲಯದ ಒಳಗೆ ಇದೆ.

ಯುದ್ಧ ಮುಗಿದ ಮೇಲೆ ಟೋಕಿಯೋದ ಮಕ್ಕಳು ತಮಗೊಂದು ಆನೆ ಬೇಕೆಂದು ಭಾರತದ ಪ್ರಧಾನಿ ಜವಾಹರಲಾಲ್ ನೆಹರೂ ಅವರಿಗೆ ಕಾಗದಗಳನ್ನು ಬರೆದರು. ಆಗ ನಮ್ಮ ದೇಶವೂ ಸ್ವಾತಂತ್ರ್ಯ ಪಡೆದು ಎರಡು ವರ್ಷಗಳಾಗಿದ್ದವು ಅಷ್ಟೆ. ಬಡತನವೂ ಕಷ್ಟಗಳೂ ನಮ್ಮಲ್ಲಿ ಬೇಕಾದಷ್ಟಿದ್ದವು. ಆದರೂ ನೆಹರೂ ಅವರು ಮಕ್ಕಳ ಕೋರಿಕೆಯನ್ನು ಮನ್ನಿಸಿ ಒಂದು ಹೆಣ್ಣಾನೆಯನ್ನು ಹಡಗಿನಲ್ಲಿ ಕಳುಹಿಸಿದರು. ಅದಕ್ಕೆ ತಮ್ಮ ಮಗಳ ಹೆಸರನ್ನೇ ಇಟ್ಟರು. ಇದು ತಮ್ಮ ಕೊಡುಗೆಯಲ್ಲ, ಭಾರತದ ಮಕ್ಕಳು ಜಪಾನಿನ ಮಕ್ಕಳಿಗೆ ಕೊಡುವ ಕೊಡುಗೆ ಎಂಬ ಅರ್ಥದ ಪತ್ರವನ್ನೂ ಜೊತೆಗೆ ಕಳುಹಿಸಿದರು. ೧೯೪೯ರ ಸೆಪ್ಟೆಂಬರಿನಲ್ಲಿ 'ಇಂದಿರಾ' ಟೋಕಿಯೋವನ್ನು ಮುಟ್ಟಿತು. ಸುಟ್ಟು ಬೂದಿಯಾದ ನಗರದಲ್ಲಿ ಬೆಳೆಯುತ್ತಿದ್ದ ಮಕ್ಕಳು ಅದನ್ನು ಬರಮಾಡಿಕೊಂಡರು.

ಆ ಆನೆ ಹೋದದ್ದು ನಮ್ಮ ಮೈಸೂರು ಸೀಮೆಯಿಂದ. ಆದುದರಿಂದ ಅದಕ್ಕೆ ತಿಳಿಯುತ್ತಿದ್ದುದು ಕನ್ನಡದ ಮಾತು ಮಾತ್ರ. ಜಪಾನೀ ಭಾಷೆಯಲ್ಲಿ ಎಷ್ಟು ಕರೆದರೂ ಅದು ಕೇಳಲಿಲ್ಲ. ಜೊತೆಯಲ್ಲಿ ಹೋಗಿದ್ದ ನಮ್ಮ ಮಾವುತರಿಂದ ಮೃಗಾಲಯದ ಸೇವಕರು ಕನ್ನಡದ ಆಜ್ಞೆಗಳನ್ನು ಕಲಿಯಬೇಕಾಯಿತು. ಅದಕ್ಕೆ ಅವರಿಗೆ ಸುಮಾರು ಎರಡು ತಿಂಗಳು ಹಿಡಿಯಿತು. ಆರು ವರ್ಷಗಳ ಹಿಂದೆ ಆನೆಗಳು ಹಸಿವಿನಿಂದ ಸತ್ತ ಅದೇ ಮೃಗಾಲಯದಲ್ಲಿ, ದೂರದೇಶದ ಒಂದು ಪ್ರಾಣಿಯ ಮನಸ್ಸನ್ನು ತಿಳಿಯುವುದಕ್ಕಾಗಿ ಜಪಾನೀಯರು ಕನ್ನಡವನ್ನು ಕಲಿತರು. ೧೯೫೭ರಲ್ಲಿ ನೆಹರೂ ಅವರು ಮಗಳೊಂದಿಗೆ ಹೋಗಿ ಆ ಆನೆಯನ್ನು ನೋಡಿ ಬಂದರು. ಇಂದಿರಾ ಅಲ್ಲಿಯೇ ಮೂವತ್ತನಾಲ್ಕು ವರ್ಷ ಬಾಳಿ ೧೯೮೩ರಲ್ಲಿ ಸತ್ತಿತು.

ಈ ಕಥೆಯನ್ನು ತಿಳಿದ ಮೇಲೆ ಪರಭಾಷೆಯ ವಿಷಯದಲ್ಲಿ ನನ್ನ ಅಳುಕು ಹೋಯಿತು. ಆನೆಯೊಂದಕ್ಕಾಗಿ ಅವರು ನಮ್ಮ ಮಾತನ್ನು ಕಲಿತರು. ಅವರಿಗಾಗಿ ನಾನು ಐದು ಮಾತುಗಳನ್ನಾದರೂ ಕಲಿಯಬೇಡವೇ? ಯಾರನ್ನಾದರೂ ಮಾತನಾಡಿಸುವ ಮೊದಲು 'ಸುಮಿಮಾಸೆನ್' ಎಂದರೆ 'ಕ್ಷಮಿಸಿ' ಎಂದು ಹೇಳಿದಂತೆ. 'ಅರಿಗಾತೋ ಗೊಜೈಮಾಸ್' ಎಂದರೆ ಕೃತಜ್ಞತೆ. ಊಟಕ್ಕೆ ಮೊದಲು ಒಂದು ಮಾತು, ಊಟವಾದ ಮೇಲೆ ಒಂದು ಮಾತು, ಬೆಳಗಿನ ವಂದನೆಗೆ ಒಂದು ಮಾತು. ಉಚ್ಚಾರಣೆ ತಪ್ಪಿದರೆ ಅಲ್ಲಿಯವರು ನಗುವುದಿಲ್ಲ; ಮುಖ ಅರಳಿಸುತ್ತಾರೆ. ಈ ಐದು ಮಾತುಗಳು ನನಗೆ ತೆರೆದ ಬಾಗಿಲುಗಳು ಶಿಂಜುಕು ನಿಲ್ದಾಣದ ಬಾಗಿಲುಗಳಿಗಿಂತ ಹೆಚ್ಚು ಎಂದರೆ ಉತ್ಪ್ರೇಕ್ಷೆಯಾಗದು.

ವಿದ್ಯಾರ್ಥಿಗಳೇ, ನಿಮ್ಮಲ್ಲಿ ಕೆಲವರು ಮುಂದೆ ದೂರದ ನಗರಗಳಿಗೆ ಓದಿಗಾಗಿಯೋ ಉದ್ಯೋಗಕ್ಕಾಗಿಯೋ ಹೋಗಬಹುದು. ಅಲ್ಲಿಯ ಎತ್ತರದ ಕಟ್ಟಡಗಳು ನಿಮ್ಮ ಕಣ್ಣಿಗೆ ತಾವಾಗಿಯೇ ಬೀಳುತ್ತವೆ. ಬರಿದಾದ ಜಗುಲಿ, ಸುಟ್ಟ ಗಾಯದ ಮರ, ನೆನಪಿನ ಕಲ್ಲು ಇವುಗಳನ್ನು ಹುಡುಕಿಕೊಂಡೇ ಹೋಗಬೇಕು. ಆ ಊರು ಏನನ್ನು ಕಳೆದುಕೊಂಡಿತು, ಏನನ್ನು ಉಳಿಸಿಕೊಂಡಿತು ಎಂದು ಅಲ್ಲಿಯ ಹಿರಿಯರನ್ನು ಕೇಳಿರಿ. ಕೇಳುವ ಮೊದಲು ಅವರ ಭಾಷೆಯಲ್ಲಿ ಒಂದು ನಮಸ್ಕಾರ ಹೇಳಿರಿ. ದೂರದ ನಗರಕ್ಕೆ ಹೋಗುವ ತನಕ ಕಾಯಬೇಕಾಗಿಯೂ ಇಲ್ಲ. ನಿಮ್ಮ ಊರಿನ ಕೆರೆಯ ಏರಿಯ ಮೇಲೆ, ಹಳೆಯ ಪೇಟೆಯ ಬೀದಿಯಲ್ಲಿ ಈ ಅಭ್ಯಾಸವನ್ನು ನಾಳೆಯೇ ಆರಂಭಿಸಬಹುದು.